ಭೇದಿಯಾದ ಕರುವಿಗೆ ಕುಡಿಸಿದ ನೀರು ಹೊಟ್ಟೆಯಲ್ಲೇ ನಿಲ್ಲುತ್ತಾ?

ಕೊಟ್ಟಿಗೆಮನೆ: ಕರುವಿಗೆ ಭೇದಿ, ಕಣ್ಣು ಗುಳಿ ಬಿದ್ದಿದೆ. ಓಆರ್‌ಎಸ್ ಕುಡಿಸಿದರೆ ಹೊಟ್ಟೆ ಉಬ್ಬುತ್ತಿದೆ. ಮೈಯಲ್ಲಿ ನೀರಿಲ್ಲದಿದ್ದರೆ ಹೊಟ್ಟೆ ಬೇಗ ಖಾಲಿಯಾಗಬೇಕು ಅಲ್ವಾ?

ಹಸುಡಾಕ್ಟರ್: ಇಲ್ಲ, ಉಲ್ಟಾ. ಕಣ್ಣು ಗುಳಿ ಬಿದ್ದಿದೆ ಅಂದರೆ ತೂಕದ ಸುಮಾರು 8% ನೀರು ಹೋಗಿರಬಹುದು. ಆಗ ಹೊಟ್ಟೆ, ಕರುಳಿಗೆ ರಕ್ತ ಕಡಿಮೆಯಾಗಿ ಚಲನೆ ನಿಧಾನವಾಗುತ್ತದೆ. ಮೇಲಿಂದ ನೀವು ಪುಡಿ ಜಾಸ್ತಿ ಹಾಕಿ ಗಟ್ಟಿಯಾಗಿ ಕಲಸಿದ್ದರೆ, ಸಣ್ಣಕರುಳಿನ ಶುರುವಿನ ಭಾಗ ಅದನ್ನು ಗುರುತಿಸಿ ಹೊಟ್ಟೆಗೆ ಬ್ರೇಕ್ ಹಾಕುತ್ತದೆ. ಪ್ಯಾಕೆಟ್ಟಿನಲ್ಲಿ ಬರೆದಷ್ಟು ನೀರು ಹಾಕಿ, ಸುಮ್ನೆ ಅಂದಾಜು ಬೇಡ.

ಗೌಡ್ರಹಟ್ಟಿ: ಚೀಪಿಸಿದಿರಾ, ನಳಿಕೆ ಹಾಕಿದಿರಾ? ದನದ ಹೊಟ್ಟೆಯಲ್ಲಿ ನಾಲ್ಕು ಭಾಗ ಇರುತ್ತವೆ, ಚೀಪಿದರೆ ನೇರ ನಾಲ್ಕನೇ ಹೊಟ್ಟೆಗೆ ಹೋಗುತ್ತದೆ. ನಳಿಕೆಯದು ಮೊದಲನೇ ಭಾಗವಾದ ದೊಡ್ಡ ಹೊಟ್ಟೆಗೆ ಬೀಳುತ್ತದೆ.

ಕೊಟ್ಟಿಗೆಮನೆ: ನಳಿಕೆ. ಚೀಪುತ್ತಲೇ ಇಲ್ಲ.

ಹಸುಡಾಕ್ಟರ್: ಹಾಗಾದರೆ ಬಾಯಿಂದ ಕೊಟ್ಟದ್ದು ಸಾಲದು. ಈಗಲೇ ಡಾಕ್ಟರನ್ನು ಕರೆಸಿ ಡ್ರಿಪ್ ಹಾಕಿಸಿ.