ಬಾಗಿಲಿಲ್ಲದ ಮಾಡ್ಯುಲರ್ ಕಪಾಟಿಗೆ ಗಾಜಿನ ಬಾಗಿಲು: ಸಂಡೂರಿನ ಕೆಂಪು ಧೂಳಿಗೆ ಯಾವುದು ಸರಿ?

ಸಂಡೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಂಡೂರಿನಲ್ಲಿ, ಅದಿರು ಲಾರಿ ಓಡಾಡುವ ರಸ್ತೆಗೆ ಹತ್ತಿರ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಲ್‌ನಲ್ಲಿ ಎರಡು ಮಾಡ್ಯುಲರ್ ಕಪಾಟು ಅಕ್ಕಪಕ್ಕ ನಿಂತಿವೆ. ಬಿಡಿ ಭಾಗ ತಂದು ಮನೆಯಲ್ಲೇ ಜೋಡಿಸುವ ಥರದ್ದು. ಒಂದೊಂದೂ 80 ಸೆಂ.ಮೀ. ಅಗಲ, 2 ಮೀಟರ್ ಎತ್ತರ, 28 ಸೆಂ.ಮೀ. ಆಳ. 18 ಎಂಎಂ ಪಾರ್ಟಿಕಲ್ ಬೋರ್ಡ್. ಮುಂದೆ ಬಾಗಿಲಿಲ್ಲ.

ಮೇಲಿನ ಖಾನೆಗಳಲ್ಲಿ ಅಪ್ಪನ ಪುಸ್ತಕಗಳಿವೆ. ನಡುವೆ ಅಮ್ಮ ಜೋಡಿಸಿಟ್ಟ ಕಿನ್ನಾಳ ಗೊಂಬೆಗಳು, ಬಣ್ಣ ಬಳಿದ ಮರದ ಗೊಂಬೆಗಳು. ಪುಸ್ತಕವನ್ನಾದರೂ ಕೊಡವಬಹುದು. ಗೊಂಬೆಯ ಸೀರೆ ನೆರಿಗೆಯಲ್ಲಿ, ಕಿವಿಯ ಹಿಂದೆ ಕೂತ ಧೂಳು ತೆಗೆಯೋದು ಕಷ್ಟ. ಒದ್ದೆ ಬಟ್ಟೆ ಹಾಕೋಕೆ ಧೈರ್ಯ ಬರಲ್ಲ. ಅಮ್ಮ ಹಳೇ ಪೇಂಟ್ ಬ್ರಷ್ ಹಿಡಿದು ಒಂದೊಂದನ್ನೇ ಗುಡಿಸ್ತಾ ಕೂರ್ತಾರೆ. ಅವರಿಗೆ ಈ ಕೆಲಸ ತಪ್ಪಬೇಕು ಅನ್ನೋದೇ ನನ್ನ ಆಸೆ.

ಹೊಸಪೇಟೆಯ ಒಂದು ಗಾಜಿನ ಅಂಗಡಿಯಲ್ಲಿ ಫ್ರೇಮ್ ಇಲ್ಲದ ಸ್ಲೈಡಿಂಗ್ ಗಾಜು ಹಾಕಿಸಿ ಅಂದರು. ಇನ್ನೊಬ್ಬರು ಅಕ್ರಿಲಿಕ್ ಹಗುರ ಅಂತಾರೆ. ಧೂಳು ನಿಜವಾಗಿ ನಿಲ್ಲೋದು ಯಾವುದರಲ್ಲಿ? ಈ ಬೋರ್ಡು ಗಾಜಿನ ತೂಕ ತಡೆಯುತ್ತಾ? ಕೆಲಸ ಬಲ್ಲವರು ದಯವಿಟ್ಟು ಹೇಳಿ.

ರಾಯಚೂರು ಬಡಿಗ:

ಮೇಷ್ಟ್ರೇ ನಮಸ್ಕಾರ. ನಿಮಗೆ ಸ್ಲೈಡಿಂಗ್ ಬೇಡ. ಅಲ್ಲಿ ಒಂದು ಗಾಜಿನ ಮುಂದೆ ಇನ್ನೊಂದು ಓಡಬೇಕು, ಹಾಗಾಗಿ ನಡುವೆ ಸಂದು ಇದ್ದೇ ಇರುತ್ತೆ. ಅದಿರಿನ ಧೂಳು ಹಿಟ್ಟಿಗಿಂತ ನುಣುಪು, ಆ ಸಂದು ಅದಕ್ಕೆ ಹೆಬ್ಬಾಗಿಲು. ಕೆಳಗಿನ ಚಾನೆಲ್‌ನಲ್ಲೂ ಅದೇ ತುಂಬಿ ಗಾಜು ಕಿರ್ ಅನ್ನುತ್ತೆ. ನಮ್ಮ ಶಕ್ತಿನಗರದ ಕಡೆ ಥರ್ಮಲ್ ವಿದ್ಯುತ್ ಸ್ಥಾವರದ ಬೂದಿಯ ಕಾಟ. ಅಲ್ಲಿ ನಾನು ಸ್ಲೈಡಿಂಗ್ ಹಾಕೋದನ್ನೇ ಬಿಟ್ಟಿದ್ದೇನೆ.

ಅಕ್ರಿಲಿಕ್ ತೂಕ ಗಾಜಿನ ಅರ್ಧದಷ್ಟೇ, ನಿಜ. ಆದರೆ ಒರೆಸಿದಾಗ ಅದರ ಮೈಗೆ ಕರೆಂಟ್ ಹತ್ತಿ ಧೂಳನ್ನು ತಾನೇ ಎಳೆದುಕೊಳ್ಳುತ್ತೆ. ಅದಿರಿನ ಪುಡಿ ಗಟ್ಟಿ, ಬೇಗ ಗೀರು ಬಿದ್ದು ಮಬ್ಬಾಗುತ್ತೆ.

ಅಲ್ಯೂಮಿನಿಯಂ ಪ್ರೊಫೈಲ್ ಫ್ರೇಮಿಗೆ 4 ಎಂಎಂ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಕೂರಿಸಿ, ಹಿಂಜ್ ಹಾಕಿ ತೆರೆಯುವ ಬಾಗಿಲು ಮಾಡಿಸಿ. ಫ್ರೇಮ್ ಇದ್ದರೆ ಒಳಗಡೆ ಸುತ್ತ ರಬ್ಬರ್ ಬೀಡಿಂಗ್ ಓಡಿಸಬಹುದು. ಧೂಳು ನಿಲ್ಲೋದು ಆ ರಬ್ಬರಿನಲ್ಲಿ. ಬರೀ ಗಾಜಿನಿಂದ ಅಲ್ಲ.

ತೂಕದ ಲೆಕ್ಕ ಹೇಳ್ತೀನಿ. ಒಂದು ಚದರ ಮೀಟರ್ ಗಾಜು ಎಂಎಂಗೆ 2.5 ಕೆಜಿ ತೂಗುತ್ತೆ. 40 ಸೆಂ.ಮೀ. ಅಗಲ, 2 ಮೀಟರ್ ಎತ್ತರದ ಒಂದು ಬಾಗಿಲಿಗೆ 4 ಎಂಎಂ ಗಾಜು ಅಂದರೆ 8 ಕೆಜಿ, ಫ್ರೇಮ್ ಬೇರೆ. ಒಂದೇ ಉದ್ದ ಬಾಗಿಲಾದರೆ 4 ಹಿಂಜ್ ಬೇಕು. ಅದರ ಬದಲು ಮೇಲೊಂದು ಜೋಡಿ, ಕೆಳಗೊಂದು ಜೋಡಿ ಮಾಡಿ. ನಡುವೆ ಅಲುಗದ ಹಲಗೆ ಒಂದು ಇರುತ್ತಲ್ಲ, ಬಾಗಿಲುಗಳು ಅದರ ಮೇಲೆ ಸೇರಲಿ. ಆಗ ಒಂದು ಬಾಗಿಲಿಗೆ ಗಾಜು 4 ಕೆಜಿ ಮಾತ್ರ. ಬೋರ್ಡಿಗೂ ಭಾರ ಇಲ್ಲ, ತೆರೆಯುವವರ ಕೈಗೂ ಇಲ್ಲ.

ಕೊಪ್ಪಳದಕ್ಕ:

ಮೇಷ್ಟ್ರೇ, ನನ್ನ ತವರು ಕಿನ್ನಾಳದ ಹತ್ತಿರ. ಗೊಂಬೆ ವಿಷಯಕ್ಕೆ ಎರಡು ಮಾತು. ಒದ್ದೆ ಬಟ್ಟೆ ಹಾಕದೇ ಇರೋದು ಒಳ್ಳೇದಾಯ್ತು, ಇನ್ನು ಮುಂದೆಯೂ ಬೇಡ. ಅದು ಹಗುರ ಮರ, ಹಳೇ ಪದ್ಧತಿಯಲ್ಲಿ ಹುಣಸೆ ಬೀಜದ ಅಂಟಲ್ಲಿ ಜೋಡಿಸಿರ್ತಾರೆ. ನೀರು ತಾಗಿದರೆ ಅಂಟೂ ಬಿಡುತ್ತೆ, ಬಣ್ಣವೂ ಏಳುತ್ತೆ. ಅಮ್ಮನವರ ಬ್ರಷ್ಷೇ ಸರಿಯಾದ ಸಾಧನ.

ಕಪಾಟಿಗೆ ಪಡುವಣ ಕಿಟಕಿಯ ಬಿಸಿಲು ಬೀಳುತ್ತಾ ನೋಡಿ. ಗಾಜು ಹಾಕಿದ್ದೇವೆ ಅಂತ ಬಿಸಿಲು ಒಳಗೆ ಹೋಗೋದು ನಿಲ್ಲಲ್ಲ. ಮುಚ್ಚಿದ ಗಾಜಿನ ಒಳಗೆ ಶೆಕೆ ಇನ್ನೂ ಜಾಸ್ತಿ. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಗೊಂಬೆಯ ಕೆಂಪು ಬಣ್ಣ ಸಪ್ಪೆ ಆಗಿಬಿಡುತ್ತೆ. ದಪ್ಪ ಪರದೆ ಹಾಕಿ, ಇಲ್ಲಾ ಕಪಾಟನ್ನೇ ಬೇರೆ ಗೋಡೆಗೆ ಸರಿಸಿ.

ಸಂಡೂರು ಮೇಷ್ಟ್ರು:

ಅಕ್ಕಾ, ಬಡಿಗರೇ, ತುಂಬಾ ಉಪಕಾರ ಆಯಿತು. ಅಮ್ಮನಿಗೆ ಓದಿ ಹೇಳಿದೆ. ಬ್ರಷ್ ಸರಿ ಅಂದಿದ್ದಕ್ಕೆ ಅವರಿಗೆ ಬಹಳ ಖುಷಿ. ಕಿಟಕಿ ಪೂರ್ವಕ್ಕಿದೆ, ಬಿಸಿಲು ಕಪಾಟಿನವರೆಗೆ ಬರಲ್ಲ. ಫ್ರೇಮ್ ಬಾಗಿಲೇ ಮಾಡಿಸೋಣ ಅಂತ ತೀರ್ಮಾನ ಆಯಿತು. ಆರ್ಡರ್ ಕೊಡುವಾಗ ಅಳತೆ ಹೇಗೆ ಹೇಳಲಿ?

ರಾಯಚೂರು ಬಡಿಗ:

ಮೊದಲು ಕಪಾಟು ನೆಟ್ಟಗಿದೆಯಾ ನೋಡಿ. ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು, ಓರೆ ಇದ್ದರೆ ಕೆಳಗೆ ಚಕ್ಕೆ ಕೊಡಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಬರಬೇಕು. ಬರದಿದ್ದರೆ ಬಾಗಿಲು ಎಷ್ಟು ಚೆನ್ನಾಗಿದ್ದರೂ ಒಂದಕ್ಕೊಂದು ತಾಗುತ್ತೆ. ಇದಾದ ಮೇಲೇ ಅಗಲ, ಎತ್ತರ ಅಳೆಯಿರಿ, ಮೂರು ಮೂರು ಜಾಗದಲ್ಲಿ.

ನಿಮ್ಮದು ಹೊರಗಿನಿಂದ 800 ಎಂಎಂ. ಅರ್ಧ 400. ಅದರಲ್ಲಿ 3 ಎಂಎಂ ಬಿಡಿ, ಒಂದು ಬಾಗಿಲು 397. ಎರಡು ಕಪಾಟು ಅಕ್ಕಪಕ್ಕ ಇರೋದರಿಂದ ಈ ಸಂದು ಎಲ್ಲಾ ಕಡೆ ಬೇಕು. ಬಾಗಿಲು ಪಕ್ಕದ ಹಲಗೆಯ ಅಂಚನ್ನು ಪೂರ್ತಿ ಮುಚ್ಚುತ್ತೆ, ಹಾಗಾಗಿ ಅಂಗಡಿಯಲ್ಲಿ ಜೀರೋ ಕ್ರ್ಯಾಂಕ್, ಅಂದರೆ ತೋಳು ನೇರ ಇರುವ ಹಿಂಜ್ ಕೇಳಿ. ಸಣ್ಣ ಅಲ್ಯೂಮಿನಿಯಂ ಫ್ರೇಮಿಗೆ ಅಂತ ಬೇರೆ ಹಿಂಜ್ ಬರುತ್ತೆ, ಅದೇ ಬೇಕು. ಮರದ ಬಾಗಿಲಿಗೆ ಹಾಕುವ ಹಿಂಜಿನ 35 ಎಂಎಂ ದುಂಡು ಕಪ್ ಆ ಫ್ರೇಮಿನಲ್ಲಿ ಕೂರಲ್ಲ.

ಟಫನ್ಡ್ ಗಾಜನ್ನು ಕಾಯಿಸಿ ತಯಾರು ಮಾಡಿದ ಮೇಲೆ ಕತ್ತರಿಸೋಕೂ ಆಗಲ್ಲ, ತೂತು ಹಾಕೋಕೂ ಆಗಲ್ಲ. ಇಡೀ ಗಾಜು ಪುಡಿ ಆಗುತ್ತೆ. ಅದಕ್ಕೇ ಹಿಡಿಯನ್ನು ಫ್ರೇಮಿಗೇ ಹಾಕಿಸಿ.

ಪಕ್ಕದ ಹಲಗೆಯ ಒಳಗೆ ಸಾಲು ತೂತು ಇವೆಯಾ? ಮುಂದಿನ ಅಂಚಿನಿಂದ 37 ಎಂಎಂ ಒಳಗೆ, 32 ಎಂಎಂಗೆ ಒಂದರಂತೆ ಇದ್ದರೆ ಹಿಂಜನ್ನು ಕಪಾಟಿಗೆ ಹಿಡಿಸುವ ಪ್ಲೇಟ್ ನೇರ ಅದಕ್ಕೇ ಕೂರುತ್ತೆ. ತೂತು 5 ಎಂಎಂ ಇರುತ್ತೆ, ಅದಕ್ಕೆ 6.3 ಎಂಎಂ ಯೂರೋ ಸ್ಕ್ರೂ (ಇಂಥ ತೂತಿಗೇ ಬರುವ ದಪ್ಪ ಸ್ಕ್ರೂ) ಹಾಕಿ. ಸುಮ್ನೆ ಸಣ್ಣ ಮರದ ಸ್ಕ್ರೂ ಹೊಡೆದರೆ ಪಾರ್ಟಿಕಲ್ ಬೋರ್ಡ್ ಪುಡಿ ಬಿಡುತ್ತೆ, ಬಾಗಿಲು ಜೋಲುತ್ತೆ.

ಬಹಳ ಜನ ಮರೆಯೋದು ಹಿಂದಿನ ಹಲಗೆ. ಅದು ತೆಳು ಹಾರ್ಡ್‌ಬೋರ್ಡ್, ಸುತ್ತ ಸಂದು ಇರುತ್ತೆ. ಮುಂದೆ ಎಷ್ಟು ಬಿಗಿ ಮಾಡಿದರೂ ಧೂಳು ಅಲ್ಲಿಂದ ಬರುತ್ತೆ. ಕಪಾಟು ಖಾಲಿ ಮಾಡಿದಾಗ ಹಿಂದೆ ತಿರುಗಿಸಿ ಆ ಸಂದಿಗೆಲ್ಲ ಸಿಲಿಕೋನ್ ಸೀಲಂಟ್ ಹಚ್ಚಿ. ಎರಡು ಬಾಗಿಲು ಸೇರುವ ಕಡೆ ಒಂದಕ್ಕೆ ಬ್ರಷ್ ಪಟ್ಟಿ ಅಂಟಿಸಿ.

ಗೋಡೆಗೆ ಎಲ್ ಕ್ಲಾಂಪ್ (ಕಪಾಟನ್ನು ಗೋಡೆಗೆ ಬಿಗಿಯುವ ಎಲ್ ಆಕಾರದ ಪಟ್ಟಿ) ಹಾಕದೆ ಬಾಗಿಲು ತೂಗಿಹಾಕಬೇಡಿ ಮೇಷ್ಟ್ರೇ, ಕೈ ಮುಗಿದು ಹೇಳ್ತೀನಿ. ನಾಲ್ಕೂ ಬಾಗಿಲು ತೆರೆದಾಗ ಭಾರ ಎಲ್ಲಾ ಮುಂದಕ್ಕೆ ಬರುತ್ತೆ. ಆಳ 28 ಸೆಂ.ಮೀ. ಅಷ್ಟೇ. ಮಗು ಬಾಗಿಲಿನ ಹಿಡಿ ಹಿಡಿದು ಜಗ್ಗಿದರೆ ಸಾಕು, ಕಪಾಟು ಮುಂದಕ್ಕೆ ಬೀಳುತ್ತೆ. ಒಂದು ಕಪಾಟಿಗೆ ಎರಡು ಕ್ಲಾಂಪ್, ಗೋಡೆಯಲ್ಲಿ ಸ್ಕ್ರೂ ಬಿಗಿಯಾಗಿ ಹಿಡಿಯಲು ಫಿಶರ್ ಪ್ಲಗ್. ಅದು ಬಿಗಿ ಆದ ಮೇಲೆ ಹಿಂಜ್ ಕೆಲಸ ಶುರು ಮಾಡಿ.