ಸಭೆ ಬೆಳೆದಾಗ ವ್ಯವಸ್ಥೆ ಹೇಗಿರಬೇಕು? ಅನುಭವ ಹಂಚಿಕೆ

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಈಗ 120 ಕುಟುಂಬಗಳಿವೆ. ಸಭಾಪಾಲಕರು ಒಬ್ಬರೇ, ಅವರಿಗೆ ಇನ್ನೆರಡು ಊರುಗಳ ಹೊಣೆಯೂ ಇದೆ. ಆರಾಧನೆಗೆ ಬರುವವರು ಹೆಚ್ಚುತ್ತಿದ್ದರೂ ಯಾರ ಮನೆಯಲ್ಲಿ ಏನಾಗಿದೆ ಎಂಬುದು ತಿಳಿಯುತ್ತಿಲ್ಲ. ಯಾವ ಸಮಿತಿಗಳನ್ನು ರಚಿಸಬೇಕೆಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ: ಸಹೋದರರೇ, ಕರಾವಳಿಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಸಮಿತಿಗಳ ಮಾತನ್ನು ಸದ್ಯ ಬದಿಗಿಟ್ಟು, ಯಾವ ಮನೆ ಯಾರ ಹೊಣೆ ಎಂಬುದನ್ನು ಮೊದಲು ನಿಶ್ಚಯಿಸಿ. ನಮ್ಮಲ್ಲಿ ಆರು ಸಮಿತಿಗಳಿದ್ದ ಕಾಲದಲ್ಲೇ ವಿಧವೆ ತಾಯಿಯೊಬ್ಬರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರೂ ಸಭೆಗೆ ಸುದ್ದಿಯೇ ಇರಲಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಏಳು ಮಂದಿಯನ್ನು ಆರಿಸಿದ್ದು ಕೂಡ ವಿಧವೆಯರಿಗೆ ದಿನದ ಉಪಚಾರದಲ್ಲಿ ಲೋಪವಾದದ್ದಕ್ಕೇ ಅಲ್ಲವೇ? ಆ ನೋವಿನಿಂದ ನಾವು ಹತ್ತು ಹನ್ನೆರಡು ಮನೆಗಳಿಗೆ ಒಬ್ಬ ಹಿರಿಯರನ್ನೂ ಒಬ್ಬ ಸಹೋದರಿಯನ್ನೂ ನೇಮಿಸಿ, ಅವರ ಕೈಗೊಂದು ನೋಟುಪುಸ್ತಕ ಕೊಟ್ಟೆವು. ಮನೆಗೊಂದು ಪುಟ, ಅದರಲ್ಲಿ ಕಾಯಿಲೆ, ಹೆರಿಗೆ, ಕೆಲಸ ಹೋದದ್ದು, ಪ್ರಾರ್ಥನೆಯ ಬೇಡಿಕೆ ಇಷ್ಟೇ ಬರೆಯಬೇಕು, ಮನೆಯ ಗುಟ್ಟು ಬರೆಯಕೂಡದು. ತಿಂಗಳ ಮೊದಲ ಗುರುವಾರ ಸಭಾಪಾಲಕರಾದ ಅಯ್ಯನವರು ಆ ಪುಸ್ತಕಗಳನ್ನು ತಿರುವಿ, ತಾವೇ ಹೋಗಬೇಕಾದ ಮನೆಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು.

ನಾವು ಮಾಡಿದ ತಪ್ಪನ್ನೂ ಹೇಳಬೇಕು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೆಥೊಡಿಸ್ಟ್ ಪಂಥದ ಕ್ರೈಸ್ತರು ಪ್ರಾರ್ಥನಾಲಯದ ಸಾಲ ತೀರಿಸಲು ಹನ್ನೆರಡು ಜನರಿಗೊಬ್ಬರಂತೆ ನೇಮಿಸಿ, ವಾರಕ್ಕೊಂದು ಪೆನ್ನಿ ಎತ್ತಿಸಿದರು. ಹಣಕ್ಕೆಂದು ಹೋದವರಿಗೆ ಜನರ ನಿಜವಾದ ಸ್ಥಿತಿ ತಿಳಿದುಬಂದಾಗ ಅವರ ನಾಯಕರಾದ ಜಾನ್ ವೆಸ್ಲಿಯವರು ಅದನ್ನೇ ಆತ್ಮಿಕ ಪಾಲನೆಯ ಏರ್ಪಾಡಾಗಿ ಬೆಳೆಸಿದರು. ಇದನ್ನು ಓದಿ ನಾವೂ ವಂತಿಗೆಯ ವಸೂಲಿಯನ್ನು ಗುಂಪಿನ ಹಿರಿಯರಿಗೇ ಒಪ್ಪಿಸಿದೆವು. ಬಾಕಿ ಉಳಿಸಿಕೊಂಡಿದ್ದ ಬಡ ಕುಟುಂಬಗಳು ಹಿರಿಯರು ಬರುವುದನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದವು. ವರ್ಷದೊಳಗೆ ವಂತಿಗೆಯನ್ನು ಖಜಾಂಚಿಯವರ ಮೇಜಿಗೆ ಮರಳಿಸಿದರೂ, ಆ ಬಾಗಿಲುಗಳು ಮತ್ತೆ ತೆರೆಯಲು ಎರಡು ವರ್ಷ ಹಿಡಿಯಿತು. ದಯವಿಟ್ಟು ಮನೆಗಳ ಆರೈಕೆ, ವಂತಿಗೆ ವಸೂಲಿ ಈ ಎರಡನ್ನೂ ಒಬ್ಬರ ಕೈಗೆ ಕೊಡಬೇಡಿ.

ಇನ್ನೊಂದು ಉತ್ತರ: ಮೇಲಿನ ಅಣ್ಣನವರ ಮಾತು ನಿಜ. ನಾನು ಮಂಗಳೂರು ಕಡೆಯ ಕಥೋಲಿಕಳು. ನಮ್ಮಲ್ಲಿ ಚರ್ಚಿನ ವ್ಯಾಪ್ತಿಯನ್ನು ವಾಳೆಗಳೆಂಬ ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿ ವಾಳೆಗೂ ಗುರಿಕಾರರನ್ನು, ಅಂದರೆ ಮುಖಂಡರನ್ನು ಆರಿಸುತ್ತಾರೆ. ಅವರ ಮೂಲಕವೇ ಮನೆಗಳ ಮಾತು ಚರ್ಚಿನ ಗುರುಗಳಿಗೆ ಸಲಹೆ ಕೊಡುವ ಪಾಲನಾ ಮಂಡಳಿಗೆ ತಲುಪುತ್ತದೆ. ಹಣದ ವಿಚಾರ ಬೇರೆ: 1983ರ ಕಥೋಲಿಕ ಧರ್ಮಸಭಾ ಕಾನೂನು ಪ್ರತಿ ಚರ್ಚಿಗೂ ಹಣಕಾಸು ಸಮಿತಿಯನ್ನು ಕಡ್ಡಾಯ ಮಾಡಿದೆ, ಪಾಲನಾ ಮಂಡಳಿಯನ್ನು ಬಿಷಪರ ತೀರ್ಮಾನಕ್ಕೆ ಬಿಟ್ಟಿದೆ.

ಅವಧಿಯನ್ನೂ ಮೊದಲೇ ಗೊತ್ತುಮಾಡಿ. ಹಿಂದೆ ನಮ್ಮ ವಾಳೆಯಲ್ಲಿ ಒಬ್ಬರೇ ಹದಿನಾಲ್ಕು ವರ್ಷ ಗುರಿಕಾರರಾಗಿದ್ದರು. ಒಳ್ಳೆಯವರೇ, ಆದರೆ ಅವರು ಹಾಸಿಗೆ ಹಿಡಿದಾಗ ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ. ಈಗ ಮೂರು ವರ್ಷಕ್ಕೊಮ್ಮೆ ಬದಲಾವಣೆ. ನನ್ನ ಸರದಿ ಬಂದಾಗ ಹಳೆಯ ಗುರಿಕಾರರು ಮೂರು ತಿಂಗಳು ನನ್ನ ಜೊತೆ ಮನೆಮನೆಗೆ ಬಂದರು. ಯಾವ ಮನೆಯ ಅಜ್ಜಿಗೆ ಕಿವಿ ಕೇಳಿಸದು, ಯಾರ ಮನೆಗೆ ಸಂಜೆ ಆರರ ಮೇಲೆ ಹೋಗಬಾರದು ಎಂಬುದನ್ನೆಲ್ಲ ದಾರಿಯಲ್ಲೇ ಹೇಳಿಕೊಟ್ಟರು.