ಡ್ರಿಪ್: ಸಾಲಿನ ತುದಿಯ ಗಿಡಗಳಿಗೆ ನೀರು ಸಾಲುತ್ತಿಲ್ಲ

ಪ್ರಶ್ನೆ:
16 ಮಿ.ಮೀ. ಇನ್‌ಲೈನ್ ಲ್ಯಾಟರಲ್ (ಡ್ರಿಪ್ಪರ್ ಒಳಗೇ ಕೂತಿರುವ ಸಾಲಿನ ಪೈಪು), ಸಾಲು 90 ಮೀಟರ್ ಉದ್ದ. 60 ಸೆಂ.ಮೀ.ಗೊಂದು ಡ್ರಿಪ್ಪರ್, ಗಂಟೆಗೆ 4 ಲೀಟರಿನದು. ನೆಲ ಸಮತಟ್ಟು. ಸಬ್‌ಮೇನ್ (ಸಾಲುಗಳಿಗೆ ನೀರು ಹಂಚುವ ಪೈಪು) ಹತ್ತಿರ ಗಿಡದ ಬುಡ ಕೆಸರಾಗುತ್ತದೆ, ತುದಿಯಲ್ಲಿ ಮಣ್ಣು ಒಣ. ಒಂದು ಗಂಟೆ ಬಿಡುತ್ತಿದ್ದ ನೀರನ್ನು ಎರಡು ಗಂಟೆ ಬಿಟ್ಟರೂ ಅಷ್ಟೇ. ದೊಡ್ಡ ಪಂಪು ಬೇಕೆ?

ಉತ್ತರ:
ಪಂಪಿನ ಮಾತು ಆಮೇಲೆ, ಮೊದಲು ಅಳೆಯಿರಿ. ಡ್ರಿಪ್ಪರ್ ಕೆಳಗೆ ಗುಂಡಿ ತೋಡಿ ಬಟ್ಟಲಿಟ್ಟು ಸರಿಯಾಗಿ 6 ನಿಮಿಷ ನೀರು ಹಿಡಿಯಿರಿ, 400 ಮಿ.ಲೀ. ಬರಬೇಕು. ನೀರು ಪೈಪಿನ ಮೈಮೇಲೆ ಜಾರಿ ಹೋಗದಂತೆ ಡ್ರಿಪ್ಪರಿನ ಎರಡೂ ಪಕ್ಕ ದಾರ ಕಟ್ಟಿ. ತಲೆ, ನಡು, ತುದಿ ಮೂರು ಕಡೆಯೂ ಅಕ್ಕಪಕ್ಕದ ನಾಲ್ಕು ಡ್ರಿಪ್ಪರ್ ನೋಡಿ. ಅಳತೆ ಕ್ರಮವಾಗಿ ಇಳಿಯುತ್ತಾ ಹೋದರೆ ಒತ್ತಡದ ದೋಷ. ಪಕ್ಕಪಕ್ಕದಲ್ಲೇ ಏರುಪೇರಾದರೆ ಡ್ರಿಪ್ಪರ್ ಕಟ್ಟಿಕೊಂಡಿದೆ. ಫಿಲ್ಟರಿನ ಮುಂಚಿನ, ನಂತರದ ಗೇಜನ್ನೂ ಓದಿ.

ಪ್ರಶ್ನೆ ಕೇಳಿದವರು:
ತಲೆಯಲ್ಲಿ 390ರ ಆಸುಪಾಸು, ನಡುವೆ 320. ತುದಿಯಲ್ಲಿ 300, 110, 290, ಇನ್ನೊಂದರಲ್ಲಿ ಹನಿಯೂ ಇಲ್ಲ. ಗೇಜಿನಲ್ಲಿ ಒತ್ತಡ ಫಿಲ್ಟರಿಗೆ ಮುಂಚೆ ಚದರ ಸೆಂ.ಮೀ.ಗೆ 1.4 ಕೆ.ಜಿ., ನಂತರ 1.2.

ಉತ್ತರ:
ಎರಡೂ ದೋಷ ಇವೆ. ಫಿಲ್ಟರ್ ಸರಿಯಿದೆ, ವ್ಯತ್ಯಾಸ 0.5ಕ್ಕೆ ಹೋಗುವ ಮೊದಲೇ ತೊಳೆದರಾಯಿತು.

ನಡುವಿನ ಹೊತ್ತಿಗೇ 320ಕ್ಕೆ ಇಳಿದು ಆಮೇಲೆ ಹೆಚ್ಚು ಇಳಿದಿಲ್ಲ, ಗಮನಿಸಿ. 150 ಡ್ರಿಪ್ಪರಿನ 600 ಲೀಟರನ್ನೂ ಹೊರುವುದು ಸಾಲಿನ ಮೊದಲ ಭಾಗ, ಹಾಗಾಗಿ ಒತ್ತಡ ಸೋರಿಹೋಗುವುದೂ ಅಲ್ಲೇ. ಪಂಪು ದೊಡ್ಡದಾದರೆ ತಲೆಯಲ್ಲೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಸಮ ಆಗುವುದಿಲ್ಲ. ಸಬ್‌ಮೇನನ್ನು ಹೊಲದ ನಡುವಿಗೆ ತಂದು ಎರಡೂ ಕಡೆ 45 ಮೀಟರ್ ಬಿಡಿ. ಪೈಪಿನ ಉಜ್ಜಾಟದ ನಷ್ಟ ಅರ್ಧಕ್ಕಲ್ಲ, ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಅದಾಗದಿದ್ದರೆ 2 ಲೀಟರ್ ಡ್ರಿಪ್ಪರಿನ ಪೈಪು ಹಾಕಿ ಎರಡರಷ್ಟು ಹೊತ್ತು ಬಿಡಿ.

ಮತ್ತೊಬ್ಬರು:
110 ಬಂದಿದ್ದಕ್ಕೆ ಆಸಿಡ್ ಬಿಟ್ಟರೆ ಸಾಕಲ್ಲವೇ?

ಉತ್ತರ:
ತಡೆಯಿರಿ. ತುದಿಯಲ್ಲಿ ನೀರಿನ ವೇಗ ಕಡಿಮೆ, ಸಣ್ಣ ಮಣ್ಣು ಕೂರುವುದು ಅಲ್ಲೇ. ಮಣ್ಣಿಗೆ ಆಸಿಡ್ ಏನೂ ಮಾಡದು. ನಾಲ್ಕೈದು ಸಾಲಿನ ಎಂಡ್ ಕ್ಯಾಪ್ ಮಾತ್ರ ಬಿಚ್ಚಿ ತಿಳಿನೀರು ಬರುವವರೆಗೆ ಬಿಡಿ. ತುದಿಯಲ್ಲಿ 10 ಲೀಟರ್ ಬಕೆಟ್ ಎರಡು ನಿಮಿಷದೊಳಗೆ ತುಂಬದಿದ್ದರೆ ಒಮ್ಮೆಗೆ ಬಿಚ್ಚುವ ಸಾಲು ಕಡಿಮೆ ಮಾಡಿ.

ಆಮೇಲೂ ಕಟ್ಟಿದ್ದರೆ ಒಂದು ಡ್ರಿಪ್ಪರ್ ಕತ್ತರಿಸಿ ನೋಡಿ. ಬಿಳಿ ಪೊರೆ ಇದ್ದು ಆಸಿಡ್ ಹನಿಗೆ ನೊರೆ ಬಂದರೆ ಸುಣ್ಣ. ಆಗ ಮಾತ್ರ ಹೈಡ್ರೋಕ್ಲೋರಿಕ್ ಆಸಿಡ್. 10 ಲೀಟರ್ ನೀರಿನ ಪಿ.ಎಚ್. 4ಕ್ಕೆ ಇಳಿಯಲು ಎಷ್ಟು ಮಿ.ಲೀ. ಬೇಕೆಂದು ಬಕೆಟ್‌ನಲ್ಲಿ ನೋಡಿ, ಅದೇ ಪ್ರಮಾಣದಲ್ಲಿ ಫಿಲ್ಟರ್ ದಾಟಿದ ಮೇಲೆ ವೆಂಚುರಿಯಿಂದ (ದ್ರವವನ್ನು ಎಳೆದು ಪೈಪಿನ ನೀರಿಗೆ ಸೇರಿಸುವ ಸಾಧನ) ಬಿಡಿ. ಪೈಪು ತುಂಬಿದ ಮೇಲೆ 24 ಗಂಟೆ ನಿಲ್ಲಿಸಿ, ತುದಿ ಬಿಚ್ಚಿ ತೊಳೆಯಿರಿ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ಲೋಳೆ ಕಂಡರೆ ಮದ್ದು ಕ್ಲೋರಿನ್, ಆದರೆ ಎರಡನ್ನೂ ಬೆರೆಸಿದರೆ ವಿಷಗಾಳಿ ಏಳುತ್ತದೆ.

ಸೂಜಿಯಿಂದ ರಂಧ್ರ ಚುಚ್ಚುವವರಿದ್ದಾರೆ. ಹಾಗೆ ಮಾಡಿದ ಡ್ರಿಪ್ಪರ್ ಮತ್ತೆ 4 ಲೀಟರಿಗೆ ಬರುವುದಿಲ್ಲ. ಮತ್ತೆ ಅಳೆದಾಗ ತಲೆಗೂ ತುದಿಗೂ 10% ಒಳಗೆ ಅಂತರವಿದ್ದರೆ ಹಳೆಯ ಒಂದು ಗಂಟೆಗೇ ಮರಳಿ (2 ಲೀಟರ್ ಪೈಪಾದರೆ ಎರಡು ಗಂಟೆ).